ನಮ್ಮ ಮನೆಯ ನೆಗಡಿ ಹೋದ ದಾರಿ

ಬೇರೆಯವರ ಮನೆ ಬಾಗಿಲಲ್ಲಿ ನಿಂತು, "ಈ ವಾರ ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂಗು ಸೋರಿತಾ?" ಎಂದು ಕೇಳುವುದು ಎಂಥ ಮುಜುಗರದ ಕೆಲಸ ಎಂಬುದು ಕೇಳಿದವರಿಗಷ್ಟೇ ಗೊತ್ತು. ಮಲೇರಿಯಾ ಎಂದರೆ ಜನ ಗಂಭೀರವಾಗುತ್ತಾರೆ, ಕ್ಷಯ ಎಂದರೆ ದನಿ ತಗ್ಗಿಸುತ್ತಾರೆ. ನೆಗಡಿ ಎಂದರೆ ನಗುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ಹೊನ್ನಾಳಿಯ ಓಣಿಗಳಲ್ಲಿ ನಾನು ಆ ನಗುವನ್ನು ವಾರವಾರವೂ ಎದುರಿಸಿದೆ. ದೊಡ್ಡವರು ನನ್ನನ್ನು ‘ನೆಗಡಿ ಟೀಚರ್’ ಎನ್ನುತ್ತಿದ್ದರು. ಹುಡುಗರು ‘ಸಿಂಬಳದಮ್ಮ’ ಎಂದು ಕೂಗಿ ಸಂದಿಯಲ್ಲಿ ಮಾಯವಾಗುತ್ತಿದ್ದರು.

ಈ ಕೆಲಸ ನನಗೆ ಸಿಕ್ಕಿದ್ದು ನಮ್ಮ ಯಜಮಾನರಿಂದಲೇ. ಅವರು ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದರು. ಆ ಬಸ್ಸು ನ್ಯಾಮತಿಯಲ್ಲಿ ಹೊರಟು, ಹೊನ್ನಾಳಿಗೆ ಬಂದು, ದಾವಣಗೆರೆ ಮುಟ್ಟಿ, ಬಿಳಿಚೋಡಿನ ಮೇಲೆ ಜಗಳೂರಿಗೆ ಹೋಗಿ ಅಲ್ಲೇ ರಾತ್ರಿ ತಂಗುತ್ತಿತ್ತು. ಮರುದಿನ ಅದೇ ದಾರಿಯಲ್ಲಿ ವಾಪಸ್ಸು. ಒಂದು ದಿನ ದಾವಣಗೆರೆಯ ಯುವ ಡಾಕ್ಟರೊಬ್ಬರು ಅವರ ಬಸ್ಸು ಹತ್ತಿದ್ದರು. ಮೈಸೂರು ಕಡೆಯವರು, ಓದು ಮುಗಿಸಿ ಸಂಶೋಧನೆಗೆ ಇಳಿದವರು. ದೊಡ್ಡ ಊರಿನಲ್ಲಿ ನೆಗಡಿ ಯಾವ ಓಣಿಯಿಂದ ಯಾವ ಓಣಿಗೆ ಹೋಗುತ್ತದೆ, ಬಸ್ಸು ಹತ್ತಿ ಸುತ್ತಲಿನ ಊರುಗಳನ್ನು ಎಷ್ಟು ಬೇಗ ಮುಟ್ಟುತ್ತದೆ ಎಂದು ಪತ್ತೆ ಹಚ್ಚುವುದು ಅವರ ಉದ್ದೇಶ. ದಾವಣಗೆರೆಯನ್ನು ಅವರೂ ಅವರ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಓದುಬರಹ ಬಲ್ಲ ಒಬ್ಬೊಬ್ಬ ಹೆಂಗಸು ಬೇಕಾಗಿತ್ತು.

"ನಮ್ಮನೆಯಾಕೆ ಪಿಯುಸಿ ಓದ್ಯಾಳೆ ಸಾರ್, ಮನೇಲಿ ಸುಮ್ನೆ ಕುಂತಾಳೆ," ಎಂದು ಯಜಮಾನರು ಟಿಕೆಟ್ ಹರಿಯುತ್ತಲೇ ಹೇಳಿದರಂತೆ. ಮುಂದೆ ಏನಾಗುವುದೆಂದು ಗೊತ್ತಿದ್ದರೆ ಅವರು ಆ ಮಾತು ಆಡುತ್ತಿರಲಿಲ್ಲ.

ನಾನು ಚನ್ನಗಿರಿಯ ಅಡಿಕೆ ವ್ಯಾಪಾರಿಯ ಮಗಳು. ನಮ್ಮಪ್ಪನ ಮಾತಿಗೆ ನಲ್ಲೂರಿನವರೆಗೂ ತೂಕವಿತ್ತು. ಮನೆಯಲ್ಲಿ ಮಡಿ, ಪೂಜೆ, ಯಾರು ಎಲ್ಲಿಯವರೆಗೆ ಒಳಗೆ ಬರಬಹುದು ಎಂಬ ಲೆಕ್ಕ, ಎಲ್ಲವೂ ಕಟ್ಟುನಿಟ್ಟು. ಕಂಡಕ್ಟರಿಗೆ ನನ್ನನ್ನು ಕೊಟ್ಟದ್ದು ಮನೆತನ ನೋಡಿ. ಮಾತುಕತೆಯ ದಿನ ಅಪ್ಪ, "ಮಕ್ಕಳೆಷ್ಟು ಜನ ನಿಮಗೆ?" ಎಂದು ಕೇಳಿದಾಗ ನಮ್ಮ ಅತ್ತೆ, "ಇವನೊಬ್ಬ. ಒಬ್ಬಳು ಮಗಳಿದ್ದಳು, ಈಗಿಲ್ಲ," ಅಂದರಂತೆ. ಸತ್ತವರ ವಿಷಯ ಹೆಚ್ಚು ಕೆದಕಬಾರದೆಂದು ಅಪ್ಪ ಸುಮ್ಮನಾದರು. ಮದುವೆಯಾಗಿ ಬಂದ ಮೇಲೆ ನಾನೂ ಕೇಳಲಿಲ್ಲ. ನಾನು ಬರುವ ಹೊತ್ತಿಗೆ ಮಾವನವರೂ ಇರಲಿಲ್ಲ. ಮನೆಯಲ್ಲಿದ್ದದ್ದು ಅತ್ತೆ, ಯಜಮಾನರು, ನಾನು, ಆಮೇಲೆ ಹುಟ್ಟಿದ ಮಗಳು.

ಕೆಲಸದ ಮೊದಲ ತಿಂಗಳು ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ತುರ್ತುಪರಿಸ್ಥಿತಿಯ ಕಾಲದ ಭಯ ಇನ್ನೂ ಇಳಿದಿರಲಿಲ್ಲ. ಕೈಯಲ್ಲಿ ಹಾಳೆ ಹಿಡಿದವರು ಬಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಅದು ಸಂತಾನಹರಣದ ಆಪರೇಷನ್ನಿಗೇ ಎಂದು ಗಂಡಸರು ಹಿತ್ತಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರು. "ಬರೀ ನೆಗಡಿಗೆ ಕಣ್ರಿ," ಎಂದರೆ, "ನೆಗಡೀನ ಯಾರಾದ್ರೂ ಬರ್ಕೊಂಡು ಹೋಗ್ತಾರೇನವ್ವಾ?" ಎಂದು ಹೆಂಗಸರು ಕೇಳುತ್ತಿದ್ದರು. ಮೆಲ್ಲಗೆ ಅಭ್ಯಾಸವಾಯಿತು. ಹೊಸದಾಗಿ ನೆಗಡಿ ಬಂದ ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಮೂಗಿನಲ್ಲಿ ತಿರುಗಿಸಿ, ಸಣ್ಣ ಬಾಟಲಿಯಲ್ಲಿ ಮುಳುಗಿಸಿ ಮುಚ್ಚಬೇಕು. ಐಸ್‌ಕ್ಯಾಂಡಿ ಮಾಡುವವನ ಹತ್ತಿರ ಐಸು ತಂದು ಥರ್ಮಾಸ್ ಫ್ಲಾಸ್ಕಿಗೆ ತುಂಬಿ, ಬಾಟಲಿಗಳನ್ನು ಅದರೊಳಗಿಟ್ಟು ಯಜಮಾನರ ಬಸ್ಸಿನಲ್ಲೇ ದಾವಣಗೆರೆಗೆ ಕಳಿಸುತ್ತಿದ್ದೆ. ಡಾಕ್ಟರರು ಹೇಳಿದ ಪ್ರಕಾರ ಮೊದಲು ಬರೆಸಿದ್ದು ನಮ್ಮದೇ ಮನೆ. "ನಿಮ್ಮ ಮನೆಯನ್ನೇ ಬಿಟ್ಟು ಬೇರೆಯವರದು ಕೇಳಿದರೆ ಚೆನ್ನಾಗಿರಲ್ಲ," ಎಂದಿದ್ದರು.

ನನ್ನ ಪಾಲಿಗೆ ಬಂದ ಮನೆಗಳಲ್ಲಿ ಕೆಲವು ಊರಾಚೆಯ ಕಾಲೋನಿಯಲ್ಲಿದ್ದವು. ಡಾಕ್ಟರರು ಯಾವ ಓಣಿಯನ್ನೂ ಬಿಟ್ಟಿರಲಿಲ್ಲ. ಅಲ್ಲಿಗೆ ಹೋದಾಗ ನಾನು ಅಂಗಳದಲ್ಲೇ ನಿಲ್ಲುತ್ತಿದ್ದೆ. ಮಗುವನ್ನು ಹೊರಗೆ ಕರೆಸಿ, ಆದಷ್ಟು ಕೈ ತಾಗದಂತೆ ಕಡ್ಡಿ ಹಾಕಿ ತೆಗೆಯುತ್ತಿದ್ದೆ. ಕೂತ್ಕೊಳ್ಳಿ ಎಂದು ಅವರು ಮಣೆ ಕೊಟ್ಟರೆ, ಹೊತ್ತಾಯಿತು ಅನ್ನುತ್ತಿದ್ದೆ. ಮನೆಗೆ ಬಂದವಳೇ ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಸೀರೆ ಬದಲಿಸಿ, ವಿಭೂತಿ ಹಚ್ಚಿಕೊಂಡ ಮೇಲೇ ಅಡುಗೆಮನೆಗೆ ಕಾಲಿಡುತ್ತಿದ್ದೆ. ಇದನ್ನು ನಾನು ಮುಚ್ಚುಮರೆಯಿಂದ ಮಾಡುತ್ತಿರಲಿಲ್ಲ. ಅತ್ತೆ ಮೆಚ್ಚುತ್ತಾರೆ ಎಂದೇ ಎಣಿಸಿದ್ದೆ. ಅವರು ಒಲೆಯ ಮುಂದೆ ಕೂತು ನೋಡುತ್ತಿದ್ದರು, ಅಷ್ಟೇ.

ಯಜಮಾನರು ಒಮ್ಮೆ, "ವಾರವಾರ ಹಿಂಗೆ ತಣ್ಣೀರು ಸುರ್ಕೊಂಡ್ರೆ ಡಾಕ್ಟ್ರು ನಿನ್ನ ಮೂಗಿಗೇ ಕಡ್ಡಿ ಹಾಕಬೇಕಾಗ್ತೈತೆ," ಎಂದರು.

"ಕಾಲೋನಿಗೆ ಹೋಗಿಬಂದು ಹಂಗೇ ಒಲೆ ಮುಂದೆ ಕೂರಾಕೆ ಆಗ್ತದೇನ್ರಿ?" ಎಂದೆ.

ಅತ್ತೆ ರೊಟ್ಟಿ ಬಡಿಯುವುದನ್ನು ಒಂದು ಕ್ಷಣ ನಿಲ್ಲಿಸಿದ್ದು ನನಗೆ ನೆನಪಿದೆ. ಆಗ ಅದಕ್ಕೆ ಅರ್ಥವಿದೆ ಎಂದು ಅನಿಸಿರಲಿಲ್ಲ.

ತಿಂಗಳಿಗೊಮ್ಮೆ ನಾವು ನಾಲ್ಕೂ ಊರಿನ ಹೆಂಗಸರು ದಾವಣಗೆರೆಯಲ್ಲಿ ಡಾಕ್ಟರ ಕೋಣೆಯಲ್ಲಿ ಸೇರುತ್ತಿದ್ದೆವು. ಚನ್ನಗಿರಿಯಿಂದ ಒಬ್ಬ ಟೈಲರಮ್ಮ, ನ್ಯಾಮತಿಯಿಂದ ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ, ಜಗಳೂರಿನಿಂದ ಐವತ್ತು ದಾಟಿದ ಬಾಲವಾಡಿ ಟೀಚರ್. ಡಾಕ್ಟರರು ಗೋಡೆಗೆ ನಕ್ಷೆ ಹಚ್ಚಿದ್ದರು. ಶಾಲೆ ಶುರುವಾದ ಮೇಲೆ ದಾವಣಗೆರೆಯ ಗಿರಣಿ ಕಾರ್ಮಿಕರ ಓಣಿಯಲ್ಲಿ ಕಂಡ ನೆಗಡಿ, ಸಂತೆ ಮುಗಿಯುತ್ತಿದ್ದ ಹಾಗೆ ಚನ್ನಗಿರಿಯಲ್ಲಿ ಕಾಣಿಸುತ್ತಿತ್ತು. ಅದನ್ನು ಅವರು ಬಣ್ಣದ ದಾರ ಕಟ್ಟಿ ತೋರಿಸುತ್ತಿದ್ದರು. ನಾವೂ ಏನೋ ದೊಡ್ಡ ಕೆಲಸ ಮಾಡುತ್ತಿದ್ದೇವೆ ಅನ್ನಿಸಿ ಸಂತೋಷವಾಗುತ್ತಿತ್ತು.

ಒಂದು ತಿಂಗಳು ಅವರು ಬಸ್ಸಿನ ಮಾತು ತೆಗೆದರು. "ಕಂಡಕ್ಟರುಗಳನ್ನು ನೋಡಿದ್ದೀರಾ? ಟಿಕೆಟ್ ಬಿಡಿಸೋಕೆ ನಾಲಿಗೆಗೆ ಬೆರಳು ಹಚ್ತಾರೆ. ಅದೇ ಬೆರಳಲ್ಲಿ ನಿಮಗೆ ಟಿಕೆಟ್ ಕೊಡ್ತಾರೆ, ನೀವು ಅದನ್ನ ಮಗುವಿನ ಕೈಗೆ ಕೊಡ್ತೀರಿ. ಮಗು ಬಾಯಿಗಿಟ್ಟುಕೊಳ್ಳುತ್ತೆ." ಎಲ್ಲರೂ ನಕ್ಕರು. ಹುಡುಗಿಯಂತೂ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮ ಯಜಮಾನರೂ ಹಾಗೇ ಮಾಡುತ್ತಿದ್ದರು. ನಾನು ನೆಲ ನೋಡುತ್ತ ಕೂತೆ. ಡಾಕ್ಟರರಿಗೆ ತಕ್ಷಣ ನೆನಪಾಗಿ, "ಎಲ್ಲರೂ ಅಲ್ಲ ಬಿಡಿ," ಎಂದದ್ದು ಇನ್ನೂ ಕೆಟ್ಟದ್ದಾಯಿತು. ಮನೆಗೆ ಬಂದು ನಾನು ಯಜಮಾನರಿಗೆ ಒಂದು ಡಬ್ಬಿಯಲ್ಲಿ ಸ್ಪಂಜು ಒದ್ದೆ ಮಾಡಿ ಕೊಟ್ಟೆ. ಒಂದು ವಾರ ಇಟ್ಟುಕೊಂಡು ಎಲ್ಲೋ ಕಳೆದರು.

ಅಷ್ಟು ನಾಚಿಕೆಗೇ ನಾನು ಸೋತಿದ್ದೆ. ಅದು ಏನೂ ಅಲ್ಲ ಎಂದು ಗೊತ್ತಾದದ್ದು ಚಳಿಗಾಲದಲ್ಲಿ.

ಆ ಚಳಿಗಾಲ ನಮ್ಮ ಮನೆಗೆ ಬೇರೆಯೇ ಥರದ ನೆಗಡಿ ಬಂತು. ಮೊದಲು ಮಗಳಿಗೆ. ಮೂಗು ಸೋರುವುದರ ಜೊತೆಗೆ ಎರಡೂ ಕಣ್ಣು ಕೆಂಪಾಗಿ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುತ್ತಿದ್ದವು. ಗಂಟಲು ಕಟ್ಟಿ ಮಗು ಕರೆದರೆ ಕಪ್ಪೆ ಕೂಗಿದ ಹಾಗಿತ್ತು. ಆಮೇಲೆ ಅತ್ತೆಗೆ, ಅವರ ಹಿಂದೆಯೇ ಯಜಮಾನರಿಗೆ. ಅವರು ಕೆಂಪು ಕಣ್ಣಲ್ಲೇ ಬಸ್ಸಿಗೆ ಹೋದರು. ನಾನು ಕಡ್ಡಿ ತೆಗೆದು ಎಲ್ಲರ ಬಾಟಲಿ ಕಳಿಸಿದೆ. ನನ್ನ ಪಾಲಿನ ಬೇರೆ ಮನೆಗಳಲ್ಲಿ ಅದು ಇರಲಿಲ್ಲ. ಎದುರು ಮನೆಯ ಮಗುವಿಗೆ ಮಾತ್ರ ಸ್ವಲ್ಪ ಬಂದು ಹೋಯಿತು.

ಆ ತಿಂಗಳ ಸಭೆಯಲ್ಲಿ ಡಾಕ್ಟರರಿಗೆ ಎಲ್ಲಿಲ್ಲದ ಉತ್ಸಾಹ. ಸಾಮಾನ್ಯ ನೆಗಡಿಯಾದರೆ ಯಾರದು ಯಾರಿಂದ ಬಂತೆಂದು ಹೇಳುವುದು ಕಷ್ಟ, ಕಣ್ಣು ಕೆಂಪಾಗುವ ಈ ನೆಗಡಿಯ ಬೆನ್ನು ಹತ್ತುವುದು ಸುಲಭ ಎಂದರು. "ಹೊನ್ನಾಳಿಯಲ್ಲಿ ಇವರ ಮನೆ, ಎದುರು ಮನೆ ಬಿಟ್ಟರೆ ಎಲ್ಲೂ ಇಲ್ಲ. ದಾವಣಗೆರೆಯಲ್ಲೂ ಈ ಸಲ ಕಾಣಲಿಲ್ಲ. ಆದರೆ ಜಗಳೂರಿನಲ್ಲಿ ಒಂದೇ ಒಂದು ಮನೆಯಲ್ಲಿ ಕಂಡಿದೆ. ಯಾವುದದು ಟೀಚರ್?"

"ಕಾಲೋನಿ ಮೇಷ್ಟ್ರ ಮನೆ ಸಾರ್," ಎಂದರು ಬಾಲವಾಡಿ ಟೀಚರ್. "ಗಂಡ, ಹೆಂಡ್ತಿ, ಮಗ. ಮೂರೂ ಜನಕ್ಕೆ ಕಣ್ಣು ಕೆಂಡದಂಗೆ ಆಗಿದ್ವು."

"ಅವರು ಯಾರಾದರೂ ಹೊನ್ನಾಳಿಗೆ ಹೋಗಿದ್ದರಾ?"

"ಎಲ್ಲೂ ಹೋಗಿಲ್ಲ. ಕೇಳ್ದೆ."

"ಹಾಗಾದರೆ ಅಲ್ಲಿಂದ ಯಾರೋ ಬಂದಿದ್ದಾರೆ."

"ಬರ್ತಾನಲ್ಲ ಸಾರ್, ಆ ಕಂಡಕ್ಟ್ರು," ಎಂದರು ಟೀಚರ್, ತುಂಬ ಸಹಜವಾಗಿ. "ನೈಟ್ ಹಾಲ್ಟ್ ಇದ್ದಾಗೆಲ್ಲ ಅಲ್ಲೇ ಉಣ್ಣೋದು, ಅಲ್ಲೇ ಮಲಗೋದು. ಡ್ರೈವರ್ ಬಸ್ಸಲ್ಲಿ ಮಲಗ್ತಾನೆ, ಇವ್ನು ಕಾಲೋನಿಗೆ ಹೋಗ್ತಾನೆ. ಆ ಯಮ್ಮ ಬಾಗ್ಲಲ್ಲೇ ಕಾಯ್ತಿರ್ತಾಳೆ. ಊರಿಗೆಲ್ಲ ಗೊತ್ತು."

ಡಾಕ್ಟರರ ಕೈ ನಕ್ಷೆಯ ಮೇಲೆಯೇ ನಿಂತಿತು. ಅವರಿಗೆ ಆ ಬಸ್ಸು ಗೊತ್ತು, ಆ ಕಂಡಕ್ಟರ್ ಗೊತ್ತು. ಅವರು ಬೇಗನೆ, "ಇರಲಿ, ಮುಂದಿನದು ನೋಡೋಣ," ಎಂದರು. ಟೀಚರಿಗೆ ಅರ್ಥವಾಗಲಿಲ್ಲ. "ಯಾಕೆ ಸಾರ್, ಅವನ್ನೇ ಹಿಡ್ಕೊಂಡು ಕೇಳಿದ್ರೆ ಆತಲ್ಲ? ಬೆಳಿಗ್ಗೆ ಬಸ್ ಸ್ಟ್ಯಾಂಡಲ್ಲೇ ಸಿಗ್ತಾನೆ," ಎಂದರು.

ಯಾರಾದರೂ ಹೇಳಲೇಬೇಕಾಗಿತ್ತು. "ಅವರು ನಮ್ಮನೆಯವರು," ಎಂದೆ ನಾನು.

ಟೈಲರಮ್ಮ ಕತ್ತು ತಿರುಗಿಸಿ ಕಿಟಕಿ ನೋಡಿದರು. ಹುಡುಗಿ ನನ್ನನ್ನೇ ನೋಡಿದಳು. ಟೀಚರ ಮುಖ ಬಿಳಿಚಿಕೊಂಡಿತ್ತು. ನಾನು ಅಲ್ಲಿಂದ ಎದ್ದು ಹೋಗುವುದಕ್ಕೂ ಆಗದೆ, ಮುಂದಿನ ಮನೆ, ಅದರ ಮುಂದಿನ ಮನೆ ಎಂದು ಡಾಕ್ಟರರು ಓದಿದ್ದಕ್ಕೆಲ್ಲ ತಲೆಯಾಡಿಸುತ್ತ ಸಭೆ ಮುಗಿಯುವವರೆಗೂ ಕೂತಿದ್ದೆ. ಹೊರಗೆ ಬಂದಾಗ ಟೀಚರ್ ನನ್ನ ಹಿಂದೆ ಓಡಿ ಬಂದು, "ತಾಯೀ, ನಿಲ್ಲು, ನಾನು ಏನೋ ಅನ್ನಾಕೆ ಹೋಗಿ..." ಎಂದರು. ನಾನು ನಿಲ್ಲಲಿಲ್ಲ. ನಿಂತಿದ್ದರೆ ಅವರೇ ಉಳಿದದ್ದನ್ನೂ ಹೇಳುತ್ತಿದ್ದರು, ಮರುದಿನದವರೆಗೆ ನಾನು ಉರಿಯುವುದು ತಪ್ಪುತ್ತಿತ್ತು.

ಹೊನ್ನಾಳಿಯವರೆಗೂ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಎರಡೇ ಮಾತು. ಒಂದು, ಅವರಿಗೆ ಇನ್ನೊಬ್ಬಳಿದ್ದಾಳೆ. ಎರಡನೆಯದು, ಅವಳು ಕಾಲೋನಿಯವಳು. ಯಾವುದು ಹೆಚ್ಚು ಉರಿಸುತ್ತಿತ್ತು ಎಂದು ಈಗ ಯಾರಾದರೂ ಕೇಳಿದರೆ, ಎರಡನೆಯದು ಎಂದೇ ಹೇಳಬೇಕಾಗುತ್ತದೆ. ಅವರು ಉಂಡು ಬಂದ ತಟ್ಟೆ, ನಮ್ಮ ತಟ್ಟೆ. ಅವರು ಮಲಗಿದ್ದ ಹಾಸಿಗೆ, ನಮ್ಮ ಹಾಸಿಗೆ. ನಾನು ಇಷ್ಟು ದಿನ ತಲೆಗೆ ನೀರು ಸುರಿದುಕೊಂಡು ಏನು ಬಂತು ಎಂದು ಯೋಚಿಸಿದೆ.

ಮರುದಿನ ಮಧ್ಯಾಹ್ನ ಯಜಮಾನರು ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಾಗ ನಾನು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದೆ. "ಜಗಳೂರಲ್ಲಿ ನೀವು ಯಾರ ಮನೇಲಿ ಇರ್ತೀರಿ?"

"ಬಸ್ಸಲ್ಲೇ."

"ಕಾಲೋನಿ ಮೇಷ್ಟ್ರ ಮನೆ ಯಾವುದು?"

ಅವರ ಕೈಯ ತಂಬಿಗೆ ಅರ್ಧಕ್ಕೆ ನಿಂತಿತು. "ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಮ್ಮ ಮನೆ ನೆಗಡಿ ಅಲ್ಲಿಗೆ ಹೋಗೈತೆ. ಎಲ್ಲರ ಮುಂದೆ ನಕ್ಷೆ ಮೇಲೆ ತೋರಿಸಿದ್ರು. ಆಕೆ ಯಾರು?"

ಅವರು ತಂಬಿಗೆ ಕೆಳಗಿಟ್ಟು ನೆಲ ನೋಡಿದರು. ಅದೇ ತಪ್ಪೊಪ್ಪಿಗೆ ಎಂದುಕೊಂಡು ನಾನು ದನಿ ಏರಿಸಿ, ಚನ್ನಗಿರಿಗೆ ಹೋಗುತ್ತೇನೆ, ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಶುರುಮಾಡಿದೆ. ಆಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು. ನೆಗಡಿಯಿಂದ ಇನ್ನೂ ಒಡೆದಿದ್ದ ದನಿ.

"ಆಕೆ ನನ್ನ ಮಗಳು."

ನಾನು ತಿರುಗಿ ನೋಡಿದೆ. ಅವರು ಗೋಡೆ ಹಿಡಿದು ಎದ್ದು ಬರುತ್ತಿದ್ದರು.

"ಇವನ ಅಕ್ಕ. ಸತ್ತಿಲ್ಲ. ಈಗಿಲ್ಲ ಅಂದಿದ್ದೆ ನಿಮ್ಮಪ್ಪಗೆ, ಮನೇಲಿ ಇಲ್ಲ ಅಂತ. ಟಿ.ಸಿ.ಎಚ್. ಓದಾಕೆ ಹೋದಾಗ ಆ ಹುಡುಗನ್ನ ಮದುವೆ ಆದ್ಳು. ನಿಮ್ಮ ಮಾವ ಅವಳ ಹೆಸರು ಎತ್ತಬಾರದು ಅಂದ್ರು. ಅವರು ಹೋದ ಮೇಲೆ ಇವನಿಗೆ ಆ ರೂಟು ಸಿಕ್ತು."

ಪ್ರತಿ ಸಲ ಯಜಮಾನರು ಹೊರಡುವಾಗ ಅತ್ತೆ ಎರಡು ಗಂಟು ರೊಟ್ಟಿ ಕಟ್ಟುತ್ತಿದ್ದರು. ಒಂದು ಇವನಿಗೆ, ಒಂದು ಡ್ರೈವರಿಗೆ ಎನ್ನುತ್ತಿದ್ದರು. ಡ್ರೈವರಿಗೆ ಇಷ್ಟು ಚಟ್ನಿಪುಡಿ ಯಾಕೆ ಎಂದು ನಾನೇ ಎಷ್ಟೋ ಸಲ ಗೊಣಗಿದ್ದೆ.

ಅವರಿಗೆ ಇನ್ನೊಬ್ಬಳಿಲ್ಲ ಎಂಬ ಸಮಾಧಾನ ನನಗೆ ಆಗಲೇ ಬರಬೇಕಿತ್ತು. ಬಂದದ್ದು ಸಿಟ್ಟು. "ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ? ನಾನೇನು ಹೊರಗಿನವಳಾ?"

ಯಜಮಾನರು ಈಗಲೂ ನೆಲ ನೋಡುತ್ತಿದ್ದರು. ಅತ್ತೆ ನನ್ನ ಮುಖ ನೋಡಿಯೇ ಹೇಳಿದರು. ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ, ಅದಕ್ಕೇ ಮರೆಯಲಾಗಿಲ್ಲ.

"ಹೆಂಗೆ ಹೇಳಾಕೆ ಆಗ್ತದವ್ವಾ? ಕಾಲೋನಿ ಅಂಗಳದಾಗೆ ನಿಂತು ಬಂದಿದ್ದಕ್ಕೇ ನೀನು ತಲೆ ಮೇಲೆ ನೀರು ಹಾಕ್ಕಂತೀಯ. ನನ್ನ ಮಗಳು ಅದೇ ಮನೇಲಿ ಅದಾಳೆ. ನೀನು ಬಚ್ಚಲಿಗೆ ಹೋದಾಗೆಲ್ಲ ನನಗೆ ಅವಳೇ ಕಣ್ಣ ಮುಂದೆ ಬರ್ತಾಳೆ. ಇನ್ನು ನಿಮ್ಮಪ್ಪಗೆ ಗೊತ್ತಾದ್ರೆ ನಿನ್ನನ್ನ ಇಲ್ಲಿ ಬಿಡ್ತಾರೇನು?"

ಆ ಹೊತ್ತಿಗೆ ನಾನು ಆ ಮನೆಯ ಸೊಸೆಯಾಗಿ ಆರು ವರ್ಷವಾಗಿತ್ತು. ಎಲ್ಲರಿಗೂ ಬೇಕಾದವಳು ಎಂದು ತಿಳಿದಿದ್ದೆ. ಅವರಿಬ್ಬರೂ ನಾನು ಬರುವ ಸದ್ದು ಕೇಳಿ ಮಾತು ನಿಲ್ಲಿಸುತ್ತಿದ್ದರು ಎಂಬುದು, ಒಂದು ಮುದುಕಿ ತನ್ನ ಮಗಳಿಗೆ ರೊಟ್ಟಿ ಕಟ್ಟುವುದಕ್ಕೆ ನನ್ನ ಕಣ್ಣು ತಪ್ಪಿಸಬೇಕಾಗಿತ್ತು ಎಂಬುದು ಆವತ್ತು ತಿಳಿಯಿತು. ನನಗೆ ಯಾರೂ ಮೋಸ ಮಾಡಿರಲಿಲ್ಲ. ನನ್ನನ್ನು ಕಂಡರೆ ಹೆದರಿಕೆ ಇತ್ತು, ಅಷ್ಟೇ. ಬೈಸಿಕೊಂಡಿದ್ದರೆ ಎದುರು ಮಾತಾಡಬಹುದಿತ್ತು. ನಾನು ಹಿತ್ತಿಲಿಗೆ ಹೋಗಿ ಒಣಗಿದ್ದ ಬಟ್ಟೆಗಳನ್ನು ತೆಗೆದು ಮಡಚುತ್ತ ಕೂತೆ.

ಕೆಲವು ದಿನ ನಾವು ಮೂವರೂ ಬೇಕಾದಷ್ಟೇ ಮಾತಾಡಿದೆವು. ಆಮೇಲೆ ನಾನೇ, "ಮುಂದಿನ ಸಲ ನಾನೂ ಬರ್ತೀನಿ," ಎಂದೆ. ಯಜಮಾನರು ನಂಬಲಿಲ್ಲ. ಅತ್ತೆ ಅವತ್ತು ಗಂಟಿನಲ್ಲಿ ರೊಟ್ಟಿಯ ಜೊತೆ ಕರ್ಜಿಕಾಯಿ ಇಟ್ಟರು. "ನೀವೂ ಬನ್ನಿ," ಎಂದೆ. "ನನಗೆ ಬಸ್ಸು ಆಗಲ್ಲ," ಎಂದರು. ಬಸ್ಸಿನಲ್ಲಿ ಅವರು ತವರಿಗೆ ಹೋಗಿಬರುತ್ತಿದ್ದದ್ದನ್ನು ನಾನು ನೋಡಿದ್ದೆ. ಮಗಳ ಮುಖ ನೋಡುವುದಿಲ್ಲ ಎಂದು ಗಂಡನಿಗೆ ಕೊಟ್ಟ ಮಾತನ್ನು ಅವರು ಹಾಗೆ ಉಳಿಸಿಕೊಂಡಿದ್ದರು.

ಬಿಳಿಚೋಡು ದಾಟಿದ ಮೇಲೆ ಬಯಲಿನಲ್ಲಿ ಕುರಿಮಂದೆಗಳು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತು ನಿಂತು ಹೋಯಿತು. ಜಗಳೂರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಯಜಮಾನರ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಅತ್ತೆಯದೇ ಹಣೆ, ಅತ್ತೆಯದೇ ಗಲ್ಲ. ನನ್ನ ಮಗಳು ಅವರನ್ನು ನೋಡಿದ ಕೂಡಲೇ ಅಜ್ಜಿಯ ಹತ್ತಿರ ಹೋದ ಹಾಗೆ ಹೋದಳು. ಅವರು ಮಗುವನ್ನು ಎತ್ತಿಕೊಳ್ಳುವ ಮುಂಚೆ ನನ್ನ ಮುಖ ನೋಡಿದರು. ಎತ್ತಿಕೊಳ್ಳಲೇ ಎಂದು ಕೇಳುವ ನೋಟ. "ಎತ್ಕೊಳ್ರಿ ಅಕ್ಕಾ," ಎಂದೆ. ಅಲ್ಲಿಯವರೆಗೆ ಚೆನ್ನಾಗಿಯೇ ಆಯಿತು.

ಅವರ ಯಜಮಾನರು ಸರ್ಕಾರಿ ಶಾಲೆಯ ಮೇಷ್ಟ್ರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ನನಗಾಗಿಯೇ ಹಾಕಿಕೊಂಡಿದ್ದರು ಎಂದು ಕಾಣುತ್ತದೆ. ಮನೆ ನಮ್ಮದಕ್ಕಿಂತ ಓರಣವಾಗಿತ್ತು. ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಊರಿನ ಸಮಾಚಾರ ಕೇಳಿದರು. ನೆಗಡಿಯ ಮಾತೂ ಬಂತು. ಅಕ್ಕ ನಕ್ಕು, "ಇವನು ಸೀನ್ಕೊಂಡು ಬಂದ್ರೆ ನನಗೆ ಗೊತ್ತಾಗ್ತಿತ್ತು, ಅಲ್ಲಿ ಅವ್ವಗೂ ಬಂದೈತೆ ಅಂತ. ಎರಡು ದಿನಕ್ಕೆ ನನಗೂ ಬರ್ತಿತ್ತು. ಬರಲಿ ಬಿಡು, ಅವ್ವನ ಕಡೇದು ಅಂತ ಕಷಾಯ ಕುಡೀದೇ ಇರ್ತಿದ್ದೆ," ಎಂದರು. ಅವರೇ ಎದ್ದು ಒಳಗೆ ಹೋಗಿ ಚಹಾ ತಂದರು.

ಸ್ಟೀಲ್ ಲೋಟ. ಮೊದಲು ನನಗೇ ಹಿಡಿದರು.

ನಾನು ತೆಗೆದುಕೊಂಡೆ. ಕುಡಿದೆ ಕೂಡ. ಆದರೆ ಕೈ ಮುಂದೆ ಹೋಗುವ ಮುಂಚೆ ಒಂದು ಗಳಿಗೆ ಮಡಿಲಲ್ಲೇ ಉಳಿಯಿತು. ಉಳಿಯಬೇಕೆಂದು ನಾನು ಬಯಸಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಇದೇ ಗಳಿಗೆಗೆ ಸಿದ್ಧಳಾಗಿ ಬಂದಿದ್ದೆ. ಆದರೂ ಕೈ ನನ್ನ ಮಾತು ಕೇಳಲಿಲ್ಲ. ನಾನು ಎಷ್ಟು ಬೇಗ ಸರಿಮಾಡಿಕೊಂಡರೂ ಆ ಕೋಣೆಯಲ್ಲಿದ್ದ ದೊಡ್ಡವರೆಲ್ಲ ಅದನ್ನು ನೋಡಿದ್ದರು. ಮೇಷ್ಟ್ರು ಥಟ್ಟನೆ ಎದ್ದು, "ಹುಡುಗರಿಗೆ ಬಿಸ್ಕತ್ತು ತರ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅವರು ಹೋದದ್ದು ಬೇಸರದಿಂದಲ್ಲ. ನಾನು ಅವರೆದುರು ಕೂತು ಆ ಚಹಾ ಕುಡಿಯಬೇಕಾದ ಕಷ್ಟವನ್ನು ನನಗೆ ತಪ್ಪಿಸಲು ಹೋದರು. ಬಿಸ್ಕತ್ತಿನ ಪೊಟ್ಟಣ ಕಪಾಟಿನ ಮೇಲೆ ಕಾಣುವಂತೆಯೇ ಇತ್ತು.

ನಾನು ಇಡೀ ಲೋಟ ಕುಡಿದೆ. ಇನ್ನೊಂದು ಲೋಟ ಕೇಳಿ ಕುಡಿದೆ. ಅದೂ ನಾಟಕದ ಹಾಗೆ ಕಂಡಿತೇನೋ. ಯಜಮಾನರು ನನ್ನ ಕಡೆ ನೋಡಲಿಲ್ಲ.

ನಾವು ಊರಿಗೆ ಮರಳಿದ ಮೇಲೆ ಡಾಕ್ಟರರು ಒಮ್ಮೆ ನಮ್ಮ ಮನೆಗೇ ಬಂದರು. ತುಂಬ ಸಂಕೋಚದಿಂದ ಹೇಳಿದರು. ಎರಡು ವರ್ಷದ ಕೆಲಸದಲ್ಲಿ ಒಂದು ನೆಗಡಿ ಮನುಷ್ಯನ ಜೊತೆ ಊರಿಂದೂರಿಗೆ ಹೋದದ್ದು ಇಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ಇದೊಂದೇ. ಹೆಸರು ಹಾಕುವುದಿಲ್ಲ, ಜಾತಿ ಬರೆಯುವುದಿಲ್ಲ, ಹೊನ್ನಾಳಿಯ ಒಂದು ಮನೆ, ಜಗಳೂರಿನ ಒಂದು ಮನೆ, ನಡುವೆ ಒಬ್ಬ ತಮ್ಮ ಎಂದಷ್ಟೇ ಬರೆಯಬಹುದೇ?

ಯಜಮಾನರು, "ಬರೀರಿ ಸಾರ್, ಅದ್ರಾಗೇನೈತೆ," ಎಂದರು. ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು.

"ಬೇಡ ಡಾಕ್ಟ್ರೇ," ಎಂದೆ ನಾನು. "ಚನ್ನಗಿರಿಯಲ್ಲಿ ನಿಮ್ಮ ಕೆಲಸ ಮಾಡುವ ಟೈಲರಮ್ಮ ನಮ್ಮಪ್ಪನ ಓಣಿಯವರು. ಅವರು ಈಗಾಗಲೇ ಅರ್ಧ ಕೇಳಿದ್ದಾರೆ."

ಡಾಕ್ಟರರು ಒಪ್ಪಿಕೊಂಡರು. ನಕ್ಷೆಯಲ್ಲಿ ಆ ದಾರದ ಪಕ್ಕ ‘ಬಸ್ಸು’ ಎಂದು ಬರೆದು ಮುಗಿಸಿದರು. ಜಗಳೂರಿಗೆ ಹೋಗಿ ಎರಡು ಲೋಟ ಚಹಾ ಕುಡಿದು ಬಂದವಳು ನಾನು. ಬೇಡ ಎಂದವಳೂ ನಾನೇ. ಡಾಕ್ಟರರು ಹೋದ ಮೇಲೆ ಅತ್ತೆ ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಅಕ್ಕಿ ಆರಿಸುತ್ತಿದ್ದರು.

ಟೈಲರಮ್ಮ ಹೇಳಿದರೋ ಬೇರೆ ಯಾರೋ, ಅಪ್ಪನಿಗೆ ಹೇಗೂ ಗೊತ್ತಾಯಿತು. ಅವರು ಬಂದು ಕೂಗಾಡಲಿಲ್ಲ. ಬರುವುದನ್ನೇ ನಿಲ್ಲಿಸಿದರು. ಹಬ್ಬಕ್ಕೆ ಕರೆ ಬರಲಿಲ್ಲ. ಅಣ್ಣ ಒಮ್ಮೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ನೀನು ಅಲ್ಲಿ ಹೋಗಿ ಬರ್ತೀಯಂತೆ?" ಎಂದ. ಹೂಂ ಎಂದೆ. ಡಾಕ್ಟರರ ಸಂಶೋಧನೆಯೂ ಮುಂದಿನ ಮಳೆಗಾಲಕ್ಕೆ ಮುಗಿಯಿತು. ಅವರು ಮೈಸೂರಿನ ಕಡೆ ಹೊರಟುಹೋದರು. ನಾನು ಬಾಲವಾಡಿ ಸೇರಿದೆ. ಕಾಲೋನಿಗೆ ಹೋಗಿಬಂದು ತಲೆಗೆ ನೀರು ಹಾಕಿಕೊಳ್ಳುವುದನ್ನು ಯಾವತ್ತು ಬಿಟ್ಟೆ ಎಂದು ನೆನಪಿಲ್ಲ. ಒಂದೇ ದಿನ ಬಿಡಲಿಲ್ಲ ಎಂಬುದಂತೂ ನಿಜ.

ಅದಾಗಿ ಮೂರ್ನಾಲ್ಕು ವರ್ಷಕ್ಕೆ ಅತ್ತೆಗೆ ಸಾಧಾರಣ ನೆಗಡಿಯೊಂದು ಎದೆಗೆ ಇಳಿಯಿತು. ಉಸಿರಾಡಲು ಆಗದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮಾವನವರ ಮಾತು ಅಲ್ಲಿಗೆ ಸಾಕೆಂದು ಯಜಮಾನರು ತೀರ್ಮಾನಿಸಿದರು. ಮರುದಿನ ಬೆಳಗಿನ ಬಸ್ಸಿನಲ್ಲಿ ಅವರ ಅಕ್ಕ, ಮೇಷ್ಟ್ರು, ಮಗ ಮೂವರೂ ಬಂದರು. ಹದಿನೈದು ವರ್ಷಕ್ಕೂ ಮೇಲಾಗಿತ್ತು ಅಕ್ಕ ಆ ಹೊಸ್ತಿಲು ತುಳಿದು. ಮೇಷ್ಟ್ರು ಜಗಲಿಯಲ್ಲೇ ಕೂತುಬಿಟ್ಟರು. ಅತ್ತೆ ಒಳಗಿನಿಂದ, "ಅವರನ್ನ ಒಳಗೆ ಕರೀರಿ," ಎಂದು ಎರಡು ಸಲ ಹೇಳಿದ ಮೇಲೆ ಬಂದರು.

ನಾನು ನೀರಿಗೆ ಬೀದಿ ನಲ್ಲಿಗೆ ಹೋದೆ. ಎದುರು ಮನೆಯ ಅಜ್ಜಿ ಕೊಡ ತುಂಬಿಸುತ್ತಿದ್ದರು. ನಮ್ಮ ಮನೆಗೆ ಬಂದವರನ್ನು ಅವರು ಆಗಲೇ ನೋಡಿದ್ದರು.

"ಯಾರವ್ವಾ ಬಂದಾರೆ?"

"ನಮ್ಮನೆಯವರ ಅಕ್ಕ," ಎಂದೆ. ನಲ್ಲಿಯ ಸದ್ದಿನಲ್ಲಿ ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಅಜ್ಜಿ ನಲ್ಲಿ ನಿಲ್ಲಿಸಿದರು. "ಏನಂದಿ? ಕೇಳಲಿಲ್ಲ."

ಸಾಲಿನಲ್ಲಿದ್ದ ಇನ್ನಿಬ್ಬರು ಹೆಂಗಸರೂ ನನ್ನ ಕಡೆ ತಿರುಗಿದರು. ನಮ್ಮ ಮನೆಯ ಕಿಟಕಿ ತೆರೆದಿತ್ತು. ಅಕ್ಕ ಅತ್ತೆಯ ಬೆನ್ನು ನೀವುತ್ತ ಕೂತದ್ದು ಅಲ್ಲಿಂದಲೇ ಕಾಣುತ್ತಿತ್ತು. ಅವರ ಕೈ ನಿಂತಿತ್ತು.

"ನಮ್ಮನೆಯವರ ಅಕ್ಕ, ಭಾವ. ಜಗಳೂರಿನಿಂದ ಬಂದಾರೆ. ನಮ್ಮತ್ತೆ ಮಗಳು," ಎಂದೆ, ಈ ಸಲ ಗಟ್ಟಿಯಾಗಿ.

ಅಜ್ಜಿ ಹೂಂ ಎಂದು ಕೊಡ ಎತ್ತಿಕೊಂಡು ಹೋದರು. ನಾನು ನನ್ನ ಕೊಡ ಇಟ್ಟು ನಲ್ಲಿ ತಿರುಗಿಸಿದೆ. ಅದು ತುಂಬುವವರೆಗೂ ಕಿಟಕಿಯ ಕಡೆ ನೋಡುವ ಧೈರ್ಯ ಬರಲಿಲ್ಲ.